ಅವ್ವ ಸಹಿ ಹಾಕದ ಹಾಳೆ

ಬ್ಯಾಡಗಿಯಲ್ಲಿ ನಾನು ಮಾಸ್ತರನಾದ ಮರುವರ್ಷವೇ, ಎರಡು ಸಾವಿರದ ಒಂದರ ಫೆಬ್ರುವರಿಯಲ್ಲಿ, ಜನಗಣತಿ ನನ್ನ ಕೊರಳಿಗೆ ಬಿತ್ತು. ಹಾವೇರಿಯಲ್ಲಿ ತರಬೇತಿ ಕೊಟ್ಟರು. ಹೋದ ಒಂದು ವರ್ಷದಲ್ಲಿ ಯಾವಾಗಲಾದರೂ ಕೆಲಸ ಮಾಡಿದ್ದುಂಟೇ ಎಂದು ಮನೆಯ ಪ್ರತಿಯೊಬ್ಬರ ಬಗ್ಗೆಯೂ ಕೇಳಬೇಕು. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಕಡಿಮೆ ದುಡಿದವರು ಅಲ್ಪಾವಧಿ ಕೆಲಸಗಾರರು, ಉಳಿದವರು ಕೆಲಸಗಾರರೇ ಅಲ್ಲ. ಇದರಲ್ಲಿ ತಿಳಿಯದಂಥದ್ದೇನಿದೆ ಎಂದು ನಾನು ಹಿಂದಿನ ಬೆಂಚಿನಲ್ಲಿ ತೂಕಡಿಸಿದೆ. ಹೆಂಗಸರ ಕೆಲಸವನ್ನು ಕೆದಕಿ ಕೆದಕಿ ಕೇಳಿ ಎಂದು ಅವರು ಹೇಳಿದ್ದು ಆ ತೂಕಡಿಕೆಯಲ್ಲೇ ಹೋಯಿತು.

ನನಗೆ ಹಂಚಿಕೆಯಾದದ್ದು ನಾವು ಬಾಡಿಗೆಗಿದ್ದ ಓಣಿಯೇ. ಮೆಣಸಿನಕಾಯಿ ಸುಗ್ಗಿಯ ದಿನಗಳು. ಓಣಿಗೆ ಕಾಲಿಟ್ಟರೆ ಸಾಕು, ಸೀನು ಬರುತ್ತಿತ್ತು. ಮೊದಲ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕ ಕೂತಿದ್ದ.

“ಮನ್ಯಾಗಿನ ಹೆಣ್ಮಕ್ಕಳು ಏನ್ ಕೆಲಸಾ ಮಾಡ್ತಾರ್ರಿ ಅಜ್ಜಾರ?”

“ಏನೂ ಇಲ್ಲ ಮಾಸ್ತರ, ಮನ್ಯಾಗ ಇರ್ತಾರ.”

“ಹಂಗಾರ ಒಂದೀಟು ಕರೀರಲ್ಲ.”

“ಈಗೆಲ್ಲಿ ಸಿಗ್ತಾರ? ತುಂಬು ಬಿಡಸಾಕ ಹೋಗ್ಯಾರ. ಹೊತ್ತು ಮುಳುಗಿದ ಮ್ಯಾಲ ಬರ್ತಾರ.”

ತುಂಬು ಬಿಡಿಸುವುದೆಂದರೆ ಮೆಣಸಿನಕಾಯಿಯ ತೊಟ್ಟು ಕೀಳುವುದು. ಬೆಳಗಿನಿಂದ ಸಂಜೆಯತನಕ ರಾಶಿಯ ಮುಂದೆ ಕೂತು ಮಾಡುವ ಕೂಲಿ ಕೆಲಸ. ನಾನು ಅಜ್ಜನ ಮಾತಿನ ಮೊದಲರ್ಧವನ್ನು ಮಾತ್ರ ಬರೆದುಕೊಂಡೆ: ಕೆಲಸವಿಲ್ಲ, ಮನೆವಾರ್ತೆ. ಎರಡನೆಯ ಮನೆಯಲ್ಲೂ ಹಾಗೇ, ಮೂರನೆಯದರಲ್ಲೂ ಹಾಗೇ. ಓಣಿಯ ಹೆಂಗಸರೆಲ್ಲ ಮನೆಯಲ್ಲೇ ಇರುತ್ತಾರೆಂದು ಬರೆದೆ, ಹೋದ ಮನೆಯಲ್ಲೆಲ್ಲ ಒಬ್ಬ ಹೆಂಗಸೂ ಸಿಗಲಿಲ್ಲ. ಎರಡನ್ನೂ ಕೂಡಿಸಿ ನೋಡುವಷ್ಟು ಬುದ್ಧಿ ಈ ಗಣಿತದ ಮಾಸ್ತರನಿಗೆ ಬರಲಿಲ್ಲ.

ಕೊನೆಗೆ ನಮ್ಮದೇ ಮನೆ. ಇದ್ದವರು ಇಬ್ಬರೇ, ಅವ್ವ ಮತ್ತು ನಾನು. ಅಪ್ಪ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದ. ಅವ್ವನೂ ಬೆಳಿಗ್ಗೆಯೇ ತುಂಬು ಬಿಡಿಸಲು ಹೋಗಿದ್ದಳು. ಅವಳ ಸಾಲಿನಲ್ಲಿಯೂ ನಾನು ಮನೆವಾರ್ತೆ ಎಂದೇ ಬರೆದೆ. ಇಲ್ಲಿ ಮಾತ್ರ ಬುದ್ಧಿಯ ನೆಪ ಹೇಳಲಾರೆ. ನನಗೆ ನಾಚಿಕೆಯಾಗಿತ್ತು, ಅಷ್ಟೆ. ಹಾಳೆಗಳನ್ನು ತಪಾಸಣೆ ಮಾಡುವವರು ನಮ್ಮ ಹೆಡ್ ಮಾಸ್ತರರು. ನೌಕರಿ ಸಿಕ್ಕ ದಿನದಿಂದ ನಾನು ಅವ್ವನಿಗೆ ಕೂಲಿ ಬಿಡು ಎಂದು ಹೇಳುತ್ತಿದ್ದೆ, ಅವಳು ಹೂಂ ಎಂದು ಮರುದಿನ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದಳು.

ಸಂಜೆ ಅವ್ವ ಬಂದು ಅಂಗೈಗೆ ಎಣ್ಣೆ ತಿಕ್ಕಿಕೊಂಡು ಕೂತಳು. ತುಂಬು ಬಿಡಿಸುವವರ ಬೆರಳು ಒಲೆಯಿಂದ ತೆಗೆದಂತೆ ಉರಿಯುತ್ತವೆ. ಮಾಹಿತಿ ಕೊಟ್ಟವರ ಸಹಿ ಬೇಕಿತ್ತು, ಹಾಳೆ ಮುಂದಿಟ್ಟೆ.

“ಏನ್ ಬರದಿ, ಓದು.”

“ಸುಮ್ನ ಸಹಿ ಮಾಡಬೇ, ಸರ್ಕಾರದ ಕಾಗದ.”

“ಓದಿ ತಿಳ್ಕೊಳ್ಳದ ಸಹಿ ಹಾಕಬ್ಯಾಡ ಅಂತ ಕಲಿಸಿದಾಂವ ನೀನ. ಓದು.”

ಓದಿದೆ. ಮನೆವಾರ್ತೆ ಎಂಬಲ್ಲಿ ದನಿ ಸಣ್ಣದಾಯಿತು. ಅವಳು ಕೆಲಸ ಹುಡುಕುತ್ತಿಲ್ಲ ಎಂದೂ ಬರೆದಿದ್ದೆ, ಅದನ್ನೂ ಓದಿದೆ. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಇದ್ದ ಕೆಲಸಾನ ಮುಗಿವಲ್ದು, ಮತ್ತೊಂದು ಹುಡುಕ್ಲ್ಯಾ?”

ನಗು ನಿಂತ ಮೇಲೆ ಹಾಳೆಯನ್ನು ನನ್ನ ಕಡೆ ಸರಿಸಿದಳು. “ಹಂಗಾರ ಕೂಲಿ ಮಾಡಿ ನಿನ್ನ ಸಾಲಿ ಕಲಿಸಿದಾಕಿ ಯಾರು? ಆಕಿ ಹೆಸರು ಬರಿ, ಆಕೀನ ಸಹಿ ಹಾಕ್ತಾಳ.”

ನಾನು ತಲೆ ಎತ್ತಲಿಲ್ಲ. ಬೇಕಾದರೆ ಅಲ್ಪಾವಧಿ ಎಂದು ಬರೆಯುತ್ತೇನೆ, ಸುಗ್ಗಿ ಎಷ್ಟು ತಿಂಗಳು ಮಹಾ ಎಂದು ಗೊಣಗಿದೆ. ಅವ್ವ ಎಣ್ಣೆಗೈಯ ಬೆರಳು ಮಡಚತೊಡಗಿದಳು.

“ಹೋದ ಭಾರತ ಹುಣ್ಣಿವಿಯಿಂದ ಬಸವ ಜಯಂತಿತನಕ ತುಂಬು, ಎರಡೂವರಿ ತಿಂಗಳ. ಗಣೇಶ ಚೌತಿಯಿಂದ ದೀಪಾವಳಿತನಕ ಹತ್ತಿ ಕ್ರಾಸಿಂಗು, ಎರಡ. ಎಳ್ಳಮಾಸಿಯಿಂದ ಈಗಿನತನಕ ಮತ್ತ ತುಂಬು, ಎರಡಕ್ಕ ನಾಕು ದಿನ ಕಡಿಮಿ. ಕೂಡಸು ಮಾಸ್ತರ.”

ಕ್ರಾಸಿಂಗೆಂದರೆ ಬೀಜಕ್ಕಾಗಿ ಹತ್ತಿಯ ಹೂವಿಗೆ ಹೂವು ಮುಟ್ಟಿಸುವ ಕೆಲಸ. ರಾಣೇಬೆನ್ನೂರು ಕಡೆಯ ಹೊಲಗಳಿಗೆ ಟೆಂಪೋದಲ್ಲಿ ಹೋಗುತ್ತಿದ್ದರು. ಅದು ನನಗೆ ನೆನಪೇ ಇರಲಿಲ್ಲ. ಕೂಡಿಸಿದೆ. ಆರು ತಿಂಗಳು ದಾಟಿತ್ತು. ಅವ್ವ ಮುಖ್ಯ ಕೆಲಸಗಾರ್ತಿ.

ಆದರೆ ಹೊಸ ಹಾಳೆ ಬೇಕೆಂದರೆ ಹೆಡ್ ಮಾಸ್ತರರಿಗೆ ಕಾರಣ ಹೇಳಬೇಕು. ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದರು. ಹೆಡ್ ಮಾಸ್ತರರು ಗಂಟು ಮುಖ ಮಾಡಿ, “ಏನ್ ತಪ್ಪು ಬರದಿ?” ಎಂದರು.

“ನಮ್ಮವ್ವಗ ಕೆಲಸಿಲ್ಲ ಅಂತ ಬರದಿದ್ದೆ ಸರ. ನಮ್ಮವ್ವ ತುಂಬು ಬಿಡಸ್ತಾಳ್ರಿ.”

ನೌಕರಿ ಸೇರಿದ ಮೇಲೆ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಕಾಶವೇನೂ ಕಳಚಿ ಬೀಳಲಿಲ್ಲ. ಅವರು ನನ್ನ ಕಟ್ಟು ಬಿಚ್ಚಿ ಒಂದೊಂದೇ ಹಾಳೆ ತಿರುವಿದರು.

“ನಿಮ್ಮವ್ವಗಷ್ಟ ಅಲ್ಲಲೇ, ಓಣಿಗೆ ಓಣೀನ ಕೆಲಸಿಲ್ಲ ಅಂತ ಬರದೀಯಲ್ಲ! ಹಂಗಾರ ಈ ಊರಾಗ ತುಂಬು ಬಿಡಸೋರು ಯಾರು, ನಿಮ್ಮಪ್ಪನ ಮಾವನೇನು?”

ಎಲ್ಲರೂ ನಕ್ಕರು. ಕಟ್ಟಿನ ಜೊತೆ ಇನ್ನೊಂದು ಹಿಡಿ ಖಾಲಿ ಹಾಳೆ ಕೊಟ್ಟು ಅಟ್ಟಿದರು.

ಈ ಸಲ ಕಟ್ಟೆಗಳ ಕಡೆ ತಲೆ ಹಾಕದೆ ತುಂಬು ಬಿಡಿಸುವ ಅಂಗಳಕ್ಕೇ ಹೋದೆ. ಕೆಂಪು ರಾಶಿಗಳ ಸುತ್ತ ನಮ್ಮ ಓಣಿಯ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂತಿದ್ದರು. ಅವ್ವ ಅಷ್ಟರಲ್ಲಾಗಲೇ ಎಲ್ಲರಿಗೂ ಸುದ್ದಿ ಮುಟ್ಟಿಸಿದ್ದಳು. “ಬಂದ್ ನೋಡ್ರಿ, ನಮ್ಮನ್ನ ಮನ್ಯಾಗ ಕುಂದ್ರಿಸಿದ ಮಾಸ್ತರ!” ಎಂದು ಒಬ್ಬಾಕೆ ಕೂಗಿದಳು. ನಾನು ಸೀನಿದೆ, ಅವರು ಮತ್ತಷ್ಟು ನಕ್ಕರು.

ಮೊದಲು ಅವ್ವನ ಹಾಳೆ ತುಂಬಿದೆ. ಪೆನ್ನು ಕೊಡಹೋದರೆ ಅವಳು ತೊಟ್ಟು ಕೀಳುವುದನ್ನು ನಿಲ್ಲಿಸಲಿಲ್ಲ.

“ಓದು.”

“ಮುಖ್ಯ ಕೆಲಸಗಾರರು. ಕೆಲಸ, ಮೆಣಸಿನಕಾಯಿ ತುಂಬು ಬಿಡಿಸುವುದು.”

“ಯಾರು?”

“ನಮ್ಮವ್ವ.”

“ಆ ರಾಶಿ ಕಡೆ ಕುಂತೋರಿಗೆ ಕೇಳಿಲ್ಲ, ಜೋರ ಓದು.”

ಶಾಲೆಯಲ್ಲಿ ಪ್ರಾರ್ಥನೆ ಹೇಳಿಸುವ ದನಿಯಲ್ಲಿ ಓದಿದೆ. ಅವ್ವ ಸೆರಗಿಗೆ ಬೆರಳು ಒರೆಸಿಕೊಂಡು ಸಹಿ ಹಾಕಿದಳು.