ಹಿತ್ತಿಲ ಬಾತುಗಳೂ ಒಂದು ಇಟ್ಟಿಗೆಯೂ

ಬೆಳಿಗ್ಗೆ ಏಳಕ್ಕೆ ಐದು ಬಾತುಗಳಿದ್ದವು. ಏಳೂಕಾಲಿಗೆ ನಾಲ್ಕು. ಸ್ಥಳ, ಕೆಂಗೇರಿ ಉಪನಗರದ ನಮ್ಮ ಮನೆಯ ಹಿತ್ತಿಲು. ಪ್ರತ್ಯಕ್ಷದರ್ಶಿಗಳು ನಾಲ್ವರಿದ್ದರು. ನಾಲ್ವರೂ ಒಟ್ಟಿಗೆ ಕಿರುಚುತ್ತಿದ್ದರಿಂದ ಒಬ್ಬರ ಹೇಳಿಕೆಯನ್ನೂ ಬರೆದುಕೊಳ್ಳಲಾಗಲಿಲ್ಲ.

ಪತ್ರಿಕೆಯೊಂದರ ಸುದ್ದಿ ಡೆಸ್ಕಿನಲ್ಲಿ ಕೂತು ಬೇರೆಯವರ ವಾಕ್ಯಗಳನ್ನು ಮೊಟಕು ಮಾಡುವುದು ನನ್ನ ಕೆಲಸ. ಮಧ್ಯಾಹ್ನದ ಪಾಳಿ, ಹಾಗಾಗಿ ಬೆಳಗಿನ ಹೊತ್ತು ಮನೆಯಲ್ಲಿರುತ್ತೇನೆ. ಬಾತುಗಳು ನನ್ನವಲ್ಲ, ಅತ್ತೆಯವು. ಹಿಂದಿನ ಮಳೆಗಾಲದಲ್ಲಿ ಅಂಗೈಯಗಲದ ಬಸವನಹುಳುಗಳು ಅವರ ಬಸಳೆ ಬಳ್ಳಿಯನ್ನು ತಿಂದು ಹಾಕಿದ್ದವು. ಉಪ್ಪು ಸುರಿದು ಸಾಕಾದ ಅತ್ತೆ ಹಳೇ ಕೆಂಗೇರಿಯ ತವರುಮನೆಗೆ ಹೋಗಿ ತರಕಾರಿ ಬುಟ್ಟಿಯಲ್ಲಿ ಐದು ಮರಿಗಳನ್ನು ತಂದರು. ಬಾತುಗಳು ಬೆಳೆದು ಬಸವನಹುಳುಗಳನ್ನು ಮುಗಿಸಿದವು. ಆಮೇಲೆ ಚಿಗುರಿದ ಬಸಳೆಯನ್ನೂ ಮುಗಿಸಿದವು. ಅತ್ತೆ ಬೇಸರಪಡಲಿಲ್ಲ. ಅಷ್ಟರಲ್ಲಿ ಅವರು ಸಂಜೆಯ ಧಾರಾವಾಹಿಗಳನ್ನು ಬಿಟ್ಟು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಸೊಸೆಯ ವಿಚಾರವನ್ನು ಬಾತುಗಳ ಹತ್ತಿರ ಹೇಳಿಕೊಳ್ಳತೊಡಗಿದ್ದರು. ಬಾತುಗಳು ತಲೆ ಆಡಿಸುತ್ತಿದ್ದವು.

ಮೊದಲ ಸಾವಿನ ದಿನವೇ ಅತ್ತೆ ಪಕ್ಕದ ಮನೆಯ ಕಂದು ಬೆಕ್ಕನ್ನು ಹೆಸರಿಸಿದರು. "ಅದರ ಮುಖ ನೋಡಮ್ಮ, ಕಳ್ಳ ಮುಖ."

"ಹಿಂದಿನ ಖಾಲಿ ಸೈಟಲ್ಲಿ ಮುಂಗುಸಿ ಇದೆಯಲ್ಲ ಅತ್ತೆ, ಅದೂ ಇರಬಹುದು."

"ಬಿಡ್ತು ಅನ್ನು! ಅದು ಹಾವು ಹಿಡಿಯೋ ಪ್ರಾಣಿ. ಬೆಳಗ್ಗೆ ಅದರ ಮುಖ ನೋಡಿದ್ರೆ ಅವತ್ತೆಲ್ಲಾ ಒಳ್ಳೇದಾಗತ್ತೆ. ಬಾತು ತಿನ್ನೋಕೆ ಅದಕ್ಕೇನ್ ಬಂದಿದೆ?"

ಎರಡು ಮೂಲಗಳಿಂದ ಖಚಿತವಾಗದೆ ಪತ್ರಿಕೆಯಲ್ಲಿ ನಾವು ಯಾರ ಹೆಸರನ್ನೂ ಅಚ್ಚು ಹಾಕುವುದಿಲ್ಲ. ಬೆಕ್ಕು, ಮುಂಗುಸಿ, ಬೀದಿನಾಯಿ, ಹದ್ದು, ಎಲ್ಲರನ್ನೂ ಶಂಕಿತರೆಂದು ಪರಿಗಣಿಸಿ ಹಿತ್ತಿಲಿಗೆ ಕೋಟೆ ಕಟ್ಟಲು ಹೊರಟೆ.

ಕಾಮಾಕ್ಷಿಪಾಳ್ಯದ ಜಾಲರಿ ಅಂಗಡಿಯವನು ನನ್ನ ಕೈಯಲ್ಲಿದ್ದ ಕೋಳಿ ಜಾಲರಿಯನ್ನು ನೋಡಿ ನಕ್ಕ. "ಮೇಡಂ, ಇದು ಕೋಳಿ ಆಚೆ ಹೋಗ್ದೇ ಇರ್ಲಿ ಅಂತ. ಏನೂ ಒಳಗೆ ಬರ್ಬಾರ್ದು ಅಂದ್ರೆ ವೆಲ್ಡ್ ಮೆಶ್ ತಗೊಳಿ, ಅರ್ಧ ಇಂಚಿಂದು. ಒಂದಡಿ ನೆಲದೊಳಗೆ ಹೂಳಿ."

ಹೂಳಿದೆ. ಬಾತುಗಳು ಮಲಗುವ ಗೂಡಿಗೆ ಸುತ್ತ ಜಾಲರಿ. ಹದ್ದಿಗೆಂದು ಹಿತ್ತಿಲ ಮೇಲೆ ಬಲೆ. ಮನೆಯ ಮುಂಭಾಗಕ್ಕೆ ಹೋಗುವ ಸಂದಿಗೂ ಜಾಲರಿಯ ಬಾಗಿಲು. ಉಳಿದದ್ದು ಹಿಂದಿನ ಕಾಂಪೌಂಡಿನ ಬುಡದಲ್ಲಿ ನೀರು ಹೋಗಲು ಬಿಟ್ಟಿದ್ದ ತೂತು. ಅದಕ್ಕೆ ಒಂದು ಇಟ್ಟಿಗೆ ಸರಿಯಾಗಿ ಕೂರುತ್ತಿತ್ತು. ಬಾತುಗಳ ಟಬ್ಬಿನ ನೀರು ಚೆಲ್ಲುವಾಗ ಮಾತ್ರ ಇಟ್ಟಿಗೆ ತೆಗೆಯಬೇಕು, ಕೂಡಲೇ ಮತ್ತೆ ಇಡಬೇಕು ಎಂದು ಅತ್ತೆಗೆ ಎರಡು ಸಲ ಹೇಳಿದೆ. ಎರಡು ಸಲವೂ ಅವರು "ಗೊತ್ತಾಯ್ತು ಕಣಮ್ಮ" ಎಂದರು.

ಹತ್ತು ದಿನಗಳ ನಂತರ, ನಾನು ಏಳಕ್ಕೆ ಗೂಡು ತೆರೆದು ಕಾಫಿಗೆ ಒಳಗೆ ಬಂದಿದ್ದಾಗ, ಎರಡನೆಯ ಬಾತು ಸತ್ತಿತು. ಕೋಟೆಯಲ್ಲಿ ಒಂದು ತಂತಿಯೂ ಬಾಗಿರಲಿಲ್ಲ. ಇಟ್ಟಿಗೆ ಇದ್ದಲ್ಲೇ ಇತ್ತು.

ಗಂಡ ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತಾರೆ. ಐದರಿಂದ ಮೂರಕ್ಕೆ ಇಳಿದದ್ದನ್ನು ನೋಡಿ ಅವರು ತೀರ್ಪು ಕೊಟ್ಟರು. "ಇನ್ನೊಂದು ಹೋಯ್ತು ಅಂದ್ರೆ ಉಳಿದಿರೋವೆಲ್ಲಾ ಮಾಗಡಿಗೆ."

ಮಾಗಡಿಯಲ್ಲಿ ಅವರ ಚಿಕ್ಕಪ್ಪನ ಮಗನಿದ್ದಾನೆ. ಅವನ ಮನೆಗೆ ಹೋದ ಯಾವ ಹಕ್ಕಿಯೂ ಭಾನುವಾರ ದಾಟಿದ ದಾಖಲೆಯಿಲ್ಲ.

"ಅವು ನಿಂಗೇನ್ ಮಾಡಿದ್ವೋ?" ಎಂದರು ಅತ್ತೆ.

"ಅಮ್ಮಾ, ಬೆಳಗ್ಗೆ ಬೆಳಗ್ಗೆ ಹೆಣ ಎತ್ತೋಕೆ ನನ್ ಕೈಲಿ ಆಗಲ್ಲ."

"ಎರಡನ್ನೂ ಎತ್ತಿದ್ದು ನಾನು ಕಣ್ರೀ," ಎಂದೆ. ತೀರ್ಪಿನಲ್ಲಿ ಬದಲಾವಣೆ ಆಗಲಿಲ್ಲ.

ಅತ್ತೆ ಅಂದಿನಿಂದ ಸರಿಯಾಗಿ ಊಟ ಮಾಡಲಿಲ್ಲ. ಬಾತುಗಳಿಗೆ ಮಾತ್ರ ಎರಡು ಹೊತ್ತು ರಾಗಿ ಅಂಬಲಿ ತಪ್ಪಲಿಲ್ಲ.

ವಾರದ ನಂತರ, ಗೂಡು ತೆರೆದು ಐದು ನಿಮಿಷವಾಗಿರಬೇಕು, ಹಿತ್ತಿಲಲ್ಲಿ ಗಲಾಟೆ ಎದ್ದಿತು. ಕೈಗೆ ಸಿಕ್ಕ ನೆಲ ಒರೆಸುವ ಕೋಲು ಹಿಡಿದು ಓಡಿದೆ. ಕ್ರೋಟನ್ ಕುಂಡಗಳ ಹಿಂದೆ ಉದ್ದನೆಯ ಬಾಲವೊಂದು ಮರೆಯಾಯಿತು. ಕನ್ನಡಕ ಹಾಕಿರಲಿಲ್ಲವಾದ್ದರಿಂದ ಅದನ್ನು ಮೂಲವೆಂದು ಪರಿಗಣಿಸಲಿಲ್ಲ. ಒಂದು ಬಾತು ನೆಲದಲ್ಲಿ ಕುಸಿದಿತ್ತು. ಕತ್ತಿನ ಹಿಂದೆ ರಕ್ತ, ಎಡ ರೆಕ್ಕೆ ಜೋತುಬಿದ್ದಿತ್ತು. ಉಸಿರು ಇತ್ತು.

ಉಳಿದೆರಡನ್ನು ಗೂಡಿಗೆ ಅಟ್ಟಿ, ಗಾಯಗೊಂಡದ್ದನ್ನು ಹಳೆಯ ಟವೆಲಿನಲ್ಲಿ ಸುತ್ತಿ ರಟ್ಟಿನ ಡಬ್ಬದಲ್ಲಿಟ್ಟೆ. ಅತ್ತೆ ಒಂದು ಅಂಗೈಯಲ್ಲಿ ಅರಿಶಿನ, ಇನ್ನೊಂದರಲ್ಲಿ ಕಾಫಿಪುಡಿ ಹಿಡಿದು ಬಂದರು.

"ಎರಡೂ ಬೇಡ ಅತ್ತೆ."

"ನಿನ್ ಗಂಡ ಬಿದ್ದು ಮಂಡಿ ಒಡ್ಕೊಂಡಾಗೆಲ್ಲ ನಾನು ಕಾಫಿಪುಡೀನೇ ಹಾಕಿದ್ದು. ಸತ್ನಾ?"

ಪ್ರತಿವಾದಕ್ಕೆ ಸಮಯವಿರಲಿಲ್ಲ. ಬಾಪೂಜಿ ನಗರದಲ್ಲಿದ್ದ ಪ್ರಾಣಿಗಳ ಕ್ಲಿನಿಕ್ಕಿಗೆ ಆಟೊ ಹಿಡಿದೆವು. ಚಾಲಕ ಕನ್ನಡಿಯಲ್ಲಿ ಡಬ್ಬ ನೋಡಿದ. "ಏನಾಂಟಿ, ಬಿರಿಯಾನಿಗಾ?"

"ನಿನ್ ಬಾಯಿಗೆ ಮಣ್ಣ್ ಹಾಕ! ಆಸ್ಪತ್ರೆಗೆ ಕಣೋ," ಎಂದರು ಅತ್ತೆ. ಅವನು ಮೈಸೂರು ರಸ್ತೆಯ ಅಷ್ಟೂ ಗುಂಡಿಗಳನ್ನು ತಪ್ಪಿಸಿ ನಮ್ಮನ್ನು ತಲುಪಿಸಿದ.

ಚೀಟಿ ಬರೆಯುವವಳು "ಹೆಸರು?" ಎಂದು ಕೇಳಿದಳು. ಅತ್ತೆ ತಮ್ಮ ಹೆಸರು ಹೇಳಿದರು. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಅದರ ಪ್ರಕಾರ ಅತ್ತೆಗೆ ಒಂದು ವರ್ಷ, ತೂಕ ಒಂದೂಮುಕ್ಕಾಲು ಕೆಜಿ, ಹೆಣ್ಣು ಬಾತು.

ಡಾಕ್ಟರು ಸಣ್ಣ ವಯಸ್ಸಿನವಳು. ಗಾಯದ ಸುತ್ತಲಿನ ಪುಕ್ಕ ತೆಗೆದು, ತೊಳೆದು, ಹೊಲಿಗೆ ಹಾಕಿ, ರೆಕ್ಕೆಯನ್ನು ಮಡಿಸಿ ಮೈಗೆ ಸೇರಿಸಿ ಪಟ್ಟಿ ಕಟ್ಟಿದಳು. "ಪಟ್ಟಿ ಬಿಚ್ಚೋವರ್ಗೂ ಈಜು ಬೇಡ. ಆದ್ರೆ ಮೂಗು ಮುಳುಗಿಸೋಷ್ಟು ನೀರು ಇಡ್ಲೇಬೇಕು. ಜೊತೆಯವು ಕಣ್ಣಿಗೆ ಬೀಳೋ ಹಾಗೆ ಇಡಿ, ಒಂದೇ ಇದ್ರೆ ಕೊರಗತ್ತೆ. ಗ್ಯಾರಂಟಿ ಕೊಡಕ್ಕಾಗಲ್ಲ ಅಮ್ಮ, ಮೂರ್ ದಿನ ನೋಡೋಣ."

"ಆ ಹಾಳು ಬೆಕ್ಕು," ಎಂದರು ಅತ್ತೆ.

"ಬೆಕ್ಕಲ್ಲ. ಕಚ್ಚಿರೋ ರೀತಿ ನೋಡಿದ್ರೆ ಮುಂಗುಸಿ ಥರ ಇದೆ."

ಅತ್ತೆ ಅವಳನ್ನು ಒಂದು ಕ್ಷಣ ದಿಟ್ಟಿಸಿ ಕೇಳಿದರು, "ನಿಂಗೆ ಮದ್ವೆ ಆಗಿದ್ಯೇನಮ್ಮ?"

ಅಂತೂ ಒಂದು ಮೂಲ ಸಿಕ್ಕಿತು.

ಬಾತನ್ನು ಹಿಂಬಾಗಿಲ ಪಕ್ಕದ ಬಚ್ಚಲಿನಲ್ಲಿಟ್ಟೆವು. ಬಾಗಿಲು ತೆರೆದರೆ ಗೂಡಿನಲ್ಲಿದ್ದ ಎರಡು ಕಾಣುತ್ತಿದ್ದವು. ಅತ್ತೆ ಅಂಬಲಿಯಲ್ಲಿ ಬೆರಳು ಅದ್ದಿ ಅದರ ಕೊಕ್ಕಿಗೆ ಹಚ್ಚುತ್ತಿದ್ದರು. ಮೊದಲೆರಡು ದಿನ ಅದು ಕೊಕ್ಕು ತೆರೆಯಲಿಲ್ಲ. ಗಂಡ ಸ್ನಾನಕ್ಕೆ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು, ಹಾಜರಿ ಕರೆಯುವ ದನಿಯಲ್ಲಿ "ಇದ್ಯಾ?" ಎನ್ನುತ್ತಿದ್ದರು. "ಇದೆ ಹೋಗೋ!" ಎನ್ನುತ್ತಿದ್ದರು ಅತ್ತೆ.

ನನಗೆ ಇಟ್ಟಿಗೆಯ ಚಿಂತೆ. ಅದರ ಒಂದು ಮೈಯಲ್ಲಿ ಇಟ್ಟಿಗೆ ಭಟ್ಟಿಯವರ ಅಕ್ಷರಗಳ ಅಚ್ಚಿತ್ತು. ಕ್ಲಿನಿಕ್ಕಿನಿಂದ ಬಂದ ಸಂಜೆಯೇ ಅಕ್ಷರಗಳು ನನ್ನ ಕಡೆ ಕಾಣುವಂತೆ ಇಟ್ಟಿದ್ದೆ. ಬೆಳಿಗ್ಗೆ ಅವು ಗೋಡೆಯ ಆಚೆಗೆ ಮುಖ ಮಾಡಿದ್ದವು. ಮುಂಗುಸಿ ಇಟ್ಟಿಗೆಯನ್ನು ತಳ್ಳಬಹುದು. ತಿರುಗಿಸಿ ಮತ್ತೆ ಇಡುವುದಿಲ್ಲ.

ಮರುದಿನ ಆರೂವರೆಗೆ ಅಡುಗೆಮನೆಯ ಕಿಟಕಿಯಲ್ಲಿ ಕನ್ನಡಕ ಹಾಕಿಕೊಂಡು ನಿಂತೆ. ಸ್ನಾನ ಮಾಡಿದ ಅತ್ತೆ ತಲೆಗೆ ಟವೆಲು ಸುತ್ತಿಕೊಂಡು, ನೀರಿನ ಚೊಂಬು ಹಿಡಿದು ಬಂದರು. ಇಟ್ಟಿಗೆ ತೆಗೆದು ಎರಡು ಹೆಜ್ಜೆ ಹಿಂದೆ ಸರಿದರು. ಸ್ವಲ್ಪ ಹೊತ್ತಿಗೆ ತೂತಿನಿಂದ ಮುಂಗುಸಿ ಒಳಬಂತು. ಅತ್ತೆ ಕೈಮುಗಿದರು. ಅದು ಕುಂಡಗಳನ್ನು ಸುತ್ತಿ ಸಂದಿಯ ಕಡೆಗೆ ಹೋಯಿತು. ಆಗ ಅತ್ತೆ, ಸೊಸೆ ಎರಡು ಸಲ ಹೇಳಿದ್ದನ್ನು ನೆನಪಿಟ್ಟುಕೊಂಡು, ಇಟ್ಟಿಗೆಯನ್ನು ಜೋಪಾನವಾಗಿ ಮತ್ತೆ ಇಟ್ಟರು.

ಮೊದಲೆಲ್ಲ ಮುಂಗುಸಿ ಆ ಸಂದಿಯಿಂದ ಮುಂದಿನ ರಸ್ತೆಗೆ ಹೋಗುತ್ತಿತ್ತು. ಆ ದಾರಿಗೆ ಜಾಲರಿ ಬಾಗಿಲು ಹಾಕಿಸಿದವಳು ನಾನು. ತೂತಿನಲ್ಲೇ ದರ್ಶನ ಕೊಟ್ಟು ವಾಪಸಾಗದೆ ಒಳಗೆ ಬಂದ ದಿನ, ಮುಂಗುಸಿಯನ್ನು ನಾವಿಬ್ಬರೂ ಸೇರಿ ಬಾತುಗಳ ಜೊತೆ ಕೋಟೆಯೊಳಗೆ ಕೂಡಿಹಾಕುತ್ತಿದ್ದೆವು. ಆಮೇಲೆ ಏಳಕ್ಕೆ ನಾನು ಬಂದು ಗೂಡು ತೆರೆಯುತ್ತಿದ್ದೆ. ಟಬ್ಬಿನ ನೀರು ಚೆಲ್ಲಲು ಅತ್ತೆ ಇಟ್ಟಿಗೆ ತೆಗೆದಾಗ ಅದು ಆಚೆ ನುಸುಳುತ್ತಿದ್ದಿರಬೇಕು.

ಹೊರಗೆ ಹೋಗಿ ಅತ್ತೆಯ ಕೈ ಹಿಡಿದೆ. "ಐದು ನಿಮಿಷ ಇಲ್ಲೇ ನಿಂತ್ಕೊಳ್ಳಿ. ಮಾತಾಡ್ಬೇಡಿ."

ಮೂರು ನಿಮಿಷವೂ ಆಗಲಿಲ್ಲ. ಮುಂಗುಸಿ ಸಂದಿಯಿಂದ ಹಿಂದಿರುಗಿತು. ಹಿಂಗಾಲುಗಳ ಮೇಲೆ ನಿಂತು ಗೂಡನ್ನು ನೋಡಿತು. ನೇರ ಹೋಗಿ, ಗೂಡಿನ ಜಾಲರಿಯನ್ನು ಕಚ್ಚಿ ಎಳೆಯತೊಡಗಿತು.

ಅತ್ತೆಯ ಕೈ ನನ್ನ ಕೈಯಿಂದ ಜಾರಿತು. "ಥೂ, ನಿನ್ನ ವಂಶ ಹಾಳಾಗ!" ಎನ್ನುತ್ತಾ ಚೊಂಬನ್ನು ನೀರಿನ ಸಮೇತ ಎಸೆದರು. ಚೊಂಬು ಗೂಡಿಗೆ ಬಡಿಯಿತು. ನಾನು ಇಟ್ಟಿಗೆ ಕಿತ್ತೆ. ಮುಂಗುಸಿ ನನ್ನ ಕಾಲ ಪಕ್ಕದಿಂದಲೇ ನುಗ್ಗಿ ಆಚೆ ಹೋಯಿತು. ಅದು ಹೋದ ಮೇಲೆ ಅತ್ತೆ "ಬಿಡ್ತು, ಬಿಡ್ತು" ಎಂದು ಎರಡೂ ಕೆನ್ನೆಗೆ ಹೊಡೆದುಕೊಂಡರು.

ಒಗೆಯುವ ಕಲ್ಲಿನ ಮೇಲೆ ಕೂತು ಹೇಳಿದರು, "ನೀನು ಆಫೀಸಿನ ವ್ಯಾನಲ್ಲಿ ಎಷ್ಟೊತ್ತಿಗೋ ಬರ್ತೀಯ. ಅದರ ಮುಖ ನೋಡಿದ್ರೆ ನೀನು ನೆಟ್ಟಗೆ ಮನೆ ಸೇರ್ತೀಯ ಅಂತ."

"ನೋಡದೇ ಇದ್ದ ದಿನ?"

"ಒಂದಿನಾನೂ ನೋಡದೇ ಬಿಟ್ಟಿಲ್ವಲ್ಲ. ನೀನೂ ಒಂದಿನಾನೂ ಬರದೇ ಇದ್ದಿಲ್ಲ."

ಈ ವರದಿಯಲ್ಲಿ ತಿದ್ದಲು ನನಗೆ ಏನೂ ಸಿಗಲಿಲ್ಲ.

ಅತ್ತೆ ಬಚ್ಚಲಿನ ಕಡೆ ನೋಡಿದರು. "ಅದೇನಾದ್ರೂ ಸತ್ರೆ ಇವನು ಎಲ್ಲಾನೂ ಮಾಗಡಿಗೆ ಕಳಿಸ್ತಾನೆ. ನಾನೇ ಕೊಂದ ಹಾಗೆ ಆಗತ್ತೆ. ಇವನಿಗೆ ಹೇಳ್ತೀಯಾ?"

ಹೇಳುವುದಿಲ್ಲ ಎಂದೆ. ಅಂದು ಮಧ್ಯಾಹ್ನ ಬಾತು ಕೊಕ್ಕು ತೆರೆದು ಒಂದು ಬಟ್ಟಲು ಅಂಬಲಿ ಕುಡಿಯಿತು, ಬಚ್ಚಲ ತುಂಬ ಹೊಲಸು ಮಾಡಿತು. ಅತ್ತೆಯಷ್ಟು ಸಂತೋಷದಿಂದ ಹೊಲಸು ತೊಳೆದವರನ್ನು ನಾನು ಬೇರೆ ನೋಡಿಲ್ಲ.

ಉಳಿದಿದ್ದ ಜಾಲರಿಯ ತುಂಡನ್ನು ತೂತಿಗೆ ಸಿಮೆಂಟ್ ಹಾಕಿ ಕೂರಿಸಿದೆ. ಈಗ ನೀರು ಹೋಗುತ್ತದೆ, ಮುಂಗುಸಿ ಬರುವುದಿಲ್ಲ, ಆಚೆ ನಿಂತರೆ ಮುಖ ಕಾಣುತ್ತದೆ. ಅತ್ತೆ ದಿನವೂ ಕೈಮುಗಿಯುತ್ತಾರೆ. ಮುಗಿದ ಕೈ ಬಿಡುವ ಮೊದಲೇ ಬಯ್ಯುತ್ತಾರೆ. ಪಕ್ಕದ ಮನೆಯ ಬೆಕ್ಕಿಗೆ ಈಗ ಹಾಲು ಸಿಗುತ್ತಿದೆ. ಕಾರಣವನ್ನು ಅದಕ್ಕೆ ಯಾರೂ ತಿಳಿಸಿಲ್ಲ.

ಪಟ್ಟಿ ಬಿಚ್ಚಿದ ಭಾನುವಾರ ಗಂಡನೂ ಟಬ್ಬಿನ ಹತ್ತಿರ ಬಂದು ನಿಂತರು. ಬಾತು ಅಂಚಿನ ಮೇಲೆ ಸ್ವಲ್ಪ ಯೋಚಿಸಿ ನೀರಿಗಿಳಿಯಿತು.

"ಮೂರು," ಎಂದರು ಗಂಡ. ಮಾಗಡಿಯ ಮಾತೆತ್ತಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಾ ಮುಚ್ಚಿತ್ತಲ್ಲ, ಮುಂಗುಸಿ ಒಳಗೆ ಹೇಗ್ ಬರ್ತಿತ್ತು ಕಣೇ?" ಎಂದು ಕೇಳಿದರು.

ಅತ್ತೆ ಪಕ್ಕದ ಮನೆಯ ನುಗ್ಗೆಮರವನ್ನು ಗಮನವಿಟ್ಟು ನೋಡತೊಡಗಿದರು.

"ಇನ್ನೂ ಖಚಿತವಾಗಿಲ್ಲ ಕಣ್ರೀ," ಎಂದೆ.

ಇದನ್ನು ಬರೆಯಲು ಅತ್ತೆಯ ಒಪ್ಪಿಗೆ ಪಡೆದಿದ್ದೇನೆ. ಗಂಡ ನಾನು ಬರೆದದ್ದನ್ನು ಓದುವುದಿಲ್ಲ. ಬಾತಿನ ಎಡ ರೆಕ್ಕೆ ಇನ್ನೂ ಸ್ವಲ್ಪ ಜೋಲುತ್ತದೆ, ಅದು ಒಂದೇ ಕಡೆಗೆ ಸುತ್ತುತ್ತಾ ಈಜುತ್ತದೆ. ಟಬ್ಬು ದುಂಡಗಿರುವುದರಿಂದ ತೊಂದರೆಯಾಗಿಲ್ಲ.