ಆಪಾನ ಮನೆಯ ಪಾವಟಿಗೆಗಳು

ನನ್ನ ಬಲ ಮೊಣಕಾಲು ಮೊದಲು ಕೈಕೊಟ್ಟದ್ದು ಆಳಂದದಲ್ಲಿ, ಅಕ್ಕನ ಮನೆಯ ಪಾವಟಿಗೆ ಹತ್ತುವಾಗ. ಅಕ್ಕನನ್ನು ನಾನು ಆಪಾ ಅನ್ನುತ್ತೇನೆ; ಅವಳಿರುವುದು ಮಾಳಿಗೆಯ ಮೇಲೆ. ಅವಳಿಗೆ ದಮ್ಮು, ಇಳಿದು ಬರುವುದಿಲ್ಲ. ನಮ್ಮೂರು ಗೊಬ್ಬೂರಿನಿಂದ ನಾನೇ ಹೋಗಿ ಹತ್ತಬೇಕು. ಅವತ್ತು ಅರ್ಧಕ್ಕೇ ಕುಳಿತುಬಿಟ್ಟೆ. ಆಮೇಲೆ ನಮ್ಮ ಅಕ್ಕತಂಗಿಯರ ಜಗಳವೆಲ್ಲ ಫೋನಿನಲ್ಲೇ. ಅದಕ್ಕೆ ಉಪ್ಪಿಲ್ಲ, ಖಾರವಿಲ್ಲ.

ಕಲಬುರಗಿಯ ಡಾಕ್ಟರು ಎಕ್ಸ್‌ರೇ ನೋಡಿ, ಆಪರೇಷನ್ ಮಾಡಿ ಮೊಣಕಾಲಿನ ಕೀಲನ್ನೇ ಬದಲಿಸಬೇಕು ಎಂದರು. ಆಪರೇಷನ್ನಿಗೆ ಮೊದಲು ಕೂಡಿಸಿಕೊಂಡು ಕೇಳಿದರು:

"ಆರಾಮ್ ಇದ್ದೀರೇನ್ರಿ?"

"ಆರಾಮ್ ಇದ್ದೇನ್ರಿ ಸರ್."

ನಮ್ಮ ಕಡೆ ಯಾರು ಕೇಳಿದರೂ ಇದೇ ಉತ್ತರ. ಜ್ವರದಲ್ಲಿ ಮೈ ಸುಡುತ್ತಿದ್ದರೂ ಇದೇ. ನಿದ್ದೆ? ಛಲೋ ಬರ್ತದ್ರಿ. ಬೇರೆ ಕಡೆ ನೋವು? ಇಲ್ರಿ. ಚಿಂತೆ? ಯಾತರದ್ರಿ ಚಿಂತಿ!

ಡಾಕ್ಟರು ಪೆನ್ನು ಕೆಳಗಿಟ್ಟರು. "ಮತ್ತ ಇಲ್ಲಿಗ್ಯಾಕ ಬಂದೀರಿ?"

ಸೊಸೆ ಶಬಾನಾ ಫಕ್ಕನೆ ನಕ್ಕಳು. "ಎಲ್ಲಾ ಸುಳ್ಳ್ರಿ ಸರ್. ಸೊಂಟ ನೋಯ್ತದ, ಹೆಗಲು ನೋಯ್ತದ. ರಾತ್ರೆಲ್ಲ ಹೊರಳಾಡಿ ನಮಗೂ ಮಲಗಾಕ ಬಿಡಂಗಿಲ್ಲ."

ಯಾ ಅಲ್ಲಾ, ಮನೆಯ ಮಾತನ್ನು ಬಜಾರಕ್ಕೆ ತಂದಳಲ್ಲ! ಕಣ್ಣು ಬಿಟ್ಟು ನೋಡಿದೆ. ಆದರೆ ಡಾಕ್ಟರು ನಗಲಿಲ್ಲ. "ಇದಕ್ಕೇ ಕೇಳಿದ್ದು ನೋಡ್ರಿ. ನಿದ್ದಿ ಇಲ್ದವರಿಗೆ, ಬ್ಯಾರೆ ಕಡೆನೂ ನೋವಿದ್ದವರಿಗೆ, ಆಪರೇಷನ್ ಛಲೋ ಆದ್ರೂ ಒಂದಿಷ್ಟು ನೋವು ಉಳಿಯೋ ಸಾಧ್ಯತೆ ಜಾಸ್ತಿ. ಉಳಿದೇ ಉಳಿತದ ಅನ್ನಂಗಿಲ್ಲ. ಪೂರ್ತಿ ಹೋಗ್ತದ ಅಂತ ಮಾತೂ ಕೊಡಂಗಿಲ್ಲ."

ಕಾಲು ಕೊಯ್ಸಿಕೊಂಡ ಮೇಲೂ ನೋವು.

ಮನೆಗೆ ಬಂದು ಅತ್ತುಬಿಟ್ಟೆ. ಬೇಡವೇ ಬೇಡ ಎಂದು ಆಪಾನಿಗೆ ಫೋನು ಮಾಡಿದೆ. ಅವಳು ಗದರಿದಳು. "ನೋವು ಉಳದ್ರ ಉಳೀಲಿ ಬೇ. ಪಾವಟಿಗಿ ಹತ್ತಾಕ ಬರ್ತದೋ ಇಲ್ಲೋ, ಅಷ್ಟು ಕೇಳು."

ಕೇಳಿದೆ. ಎಕ್ಸರ್‌ಸೈಜ್ ಬಿಡದೆ ಮಾಡಿದರೆ ಹತ್ತಬಹುದು ಎಂದರು ಡಾಕ್ಟರು. ಮೊದಲು ನಿದ್ದೆ ಸರಿಮಾಡಿದರು, ಆಮೇಲೆ ಮೊಣಕಾಲಿನ ಆಪರೇಷನ್. ನೋವು ಮುಚ್ಚಿಡಬಾರದು ಎಂದು ತಾಕೀತು ಬೇರೆ. ಸರಿ, ಹೇಳತೊಡಗಿದೆ. ಫಿಸಿಯೋಥೆರಪಿಯವಳಿಗೆ, ನರ್ಸಿಗೆ, ನೋಡಲು ಬಂದವರಿಗೆ, ಹಾಲು ಹಾಕುವವನಿಗೂ ಹೇಳಿದೆ. ಕಡೆಗೆ ಶಬಾನಾಳೇ ಕೈಮುಗಿದಳು: "ಅಮ್ಮೀ, ಬಂದವರಿಗೆ ಚಹಾ ಆದ್ರೂ ಕುಡಿಯಾಕ ಬಿಡ್ರಿ."

ಮೊದಲಿನ ಕಿತ್ತು ತಿನ್ನುವ ನೋವು ಈಗಿಲ್ಲ. ಆದರೆ ಡಾಕ್ಟರು ಅಂದದ್ದು ಸುಳ್ಳಾಗಲಿಲ್ಲ. ಮೆಟ್ಟಿಲು ಹತ್ತುವಾಗ ಒಳಗೊಂದು ಕಡೆ ಚುಳುಕ್ ಅನ್ನುತ್ತದೆ. ಮೊದಲೇ ಗೊತ್ತಿತ್ತಲ್ಲ, ಅದಕ್ಕೇ ಗಾಬರಿಯಾಗುವುದಿಲ್ಲ.

ಮೊನ್ನೆ ಆಳಂದಕ್ಕೆ ಹೋದೆ. ಗೋಡೆ ಹಿಡಿದು, ನಿಂತು ನಿಂತು ಹತ್ತಿದೆ. ಆಪಾ ಮೇಲೆ ಬಾಗಿಲಲ್ಲೇ ಕಾಯುತ್ತಿದ್ದಳು.

"ಆರಾಮ್ ಇದ್ದಿ ಏನ್ ಬೇ?"

"ಇಲ್ಲ. ನೋಯಾಕತ್ತದ."

"ಮತ್ಯಾಕ ಬಂದಿ?"

"ಜಗಳ ಬಾಕಿ ಇತ್ತು."

ದಮ್ಮು ಏರುವ ತನಕ ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ರಟ್ಟೆ ಹಿಡಿದು ಒಳಗೆ ಕರೆದೊಯ್ದಳು.

"ನೋವನ್ನೂ ಕರಕೊಂಡೇ ಬಂದೀ ಅನ್ನು. ಅದಕ್ಕೂ ಒಂದು ಕಪ್ ಚಹಾ ಇಡ್ಲೇನು?"

"ಇಡು," ಅಂದೆ. "ಸಕ್ಕರಿ ಕಮ್ಮಿ ಹಾಕು."