ಗಜೇಂದ್ರಗಡದಲ್ಲಿ ನನ್ನ ಸಾಲ ತೀರಿದ ಬಗೆ

ಬಸ್ಸಿನ ನೆತ್ತಿಯ ಮೇಲೆ ಹತ್ತಿ ನಿಂತಿದ್ದ ಹಮಾಲ ನನ್ನ ಟ್ರಂಕನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಬಾಯಾರ, ಒಗೀಲ್ರೀ?" ಎಂದು ಕೂಗಿದ.

ನನಗೆ ದಿಗಿಲಾಯಿತು. ಟ್ರಂಕು ಧೂಳಾಗಿದ್ದದ್ದು ನಿಜ. ಆದರೆ ನಡುಬೀದಿಯಲ್ಲಿ ಅದನ್ನೇಕೆ ಒಗೆಯಬೇಕು? "ಬೇಡಪ್ಪ, ಹಂಗೇ ಕೊಡು. ಮನೇಲಿ ನಾನೇ ಒಗೆದುಕೊಳ್ತೀನಿ" ಅಂದೆ. ಬಸ್‌ಸ್ಟ್ಯಾಂಡಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಟಗ ಸುತ್ತಿದ್ದ ಹಿರಿಯರೊಬ್ಬರು ಮಾತ್ರ ಕನಿಕರಪಟ್ಟು, "ನಮ್ಮ ಕಡೆ ಒಗಿಯೂದಂದ್ರ ಎಸಿಯೂದು, ತಂಗಿ. ಎಲ್ಲಿಂದ ಬಂದಿ?" ಎಂದು ಕೇಳಿದರು.

ಚನ್ನಪಟ್ಟಣದಿಂದ ಬಂದಿದ್ದೆ. ರಾಜ್ಯ ಒಂದಾದ ಮರುವರ್ಷ, ಜೂನ್ ತಿಂಗಳು. ಅದಕ್ಕೆ ಮೊದಲು ಗಜೇಂದ್ರಗಡ ಮುಂಬಯಿ ರಾಜ್ಯದಲ್ಲಿತ್ತು. ನಮ್ಮ ಮನೆಯಲ್ಲಿ ಯಾರೂ ಅದರ ಹೆಸರು ಕೇಳಿರಲಿಲ್ಲ. ಅಲ್ಲಿನ ಹೈಸ್ಕೂಲಿಗೆ ಗಣಿತ ಕಲಿಸುವ ಹೆಣ್ಣುಮಗಳು ಬೇಕೆಂಬ ಜಾಹೀರಾತು ನೋಡಿ ಅರ್ಜಿ ಹಾಕಿದ್ದೆ. ನನಗಾಗ ಇಪ್ಪತ್ತೊಂದು. ಕೈಯಲ್ಲಿ ಬಿ.ಎಸ್ಸಿ. ಪದವಿ, ತಲೆಯ ಮೇಲೆ ಎಂಟುನೂರು ರೂಪಾಯಿ ಸಾಲ.

ಆ ಸಾಲದ ವಿಷಯ ನಮ್ಮೂರಿನವರಿಗೆ ಗೊತ್ತಿದೆ; ಉಳಿದ ಓದುಗರಿಗಾಗಿ ಹೇಳುತ್ತೇನೆ. ನಮ್ಮ ಬೀದಿಯ ನಾಲ್ಕೈದು ಅಂಗಡಿಯವರು ಸೇರಿ, ಓದುವ ಬಡ ಮಕ್ಕಳಿಗೆಂದು ಸ್ವಲ್ಪ ಹಣ ಕೂಡಿಟ್ಟಿದ್ದರು. ಬಡ್ಡಿಯಿಲ್ಲ, ಪತ್ರವಿಲ್ಲ. ಇದ್ದದ್ದು ಒಂದೇ ಕಟ್ಟಳೆ: ಇಡೀ ಹಣ ಒಬ್ಬರಿಗೆ, ಅವರು ತೀರಿಸಿದ ಮೇಲೆ ಇನ್ನೊಬ್ಬರಿಗೆ. ನಮ್ಮಪ್ಪ ಮರದ ಗೊಂಬೆ ಕಡೆಯುವವರು. ಅವರ ದುಡಿಮೆಯಲ್ಲಿ ಮೈಸೂರಿನ ಕಾಲೇಜು ಕನಸಿನ ಮಾತಾಗಿತ್ತು. ಆ ಹಣದಿಂದಲೇ ನಾನು ಓದಿದೆ.

ಗಜೇಂದ್ರಗಡದಲ್ಲಿ ಒಂಟಿ ಹೆಣ್ಣಿಗೆ ಮನೆ ಕೊಡುವವರು ಸಿಗಲಿಲ್ಲ. "ಗಂಡ ಎಲ್ಲಿ ಅದಾನ್ರಿ?" ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಕೊನೆಗೆ ಗುಡ್ಡದ ಬುಡದ ಓಣಿಯಲ್ಲಿ ನೇಕಾರಿಕೆ ಮಾಡುವ ಗಂಗವ್ವ ಎಂಬ ವಿಧವೆ ತಮ್ಮ ಹಿತ್ತಲ ಕೋಣೆ ತೋರಿಸಿದರು. ಗಂಡನ ಪ್ರಶ್ನೆ ಅವರು ಕೇಳಲಿಲ್ಲ. "ಮಗ್ಗದ ಸಪ್ಪಳ ಆಗತೈತ್ರಿ. ತಡಕೋತೀರೇನು?" ಅಂದರು, ಅಷ್ಟೆ. ಅವರ ಪಡಸಾಲೆಯಲ್ಲಿ ಎರಡು ಮಗ್ಗಗಳು. ಬೆಳಕು ಹರಿಯುವುದಕ್ಕೆ ಮುಂಚೆ ಶುರುವಾಗುತ್ತಿದ್ದ ಅವುಗಳ ಬಡಿತಕ್ಕೆ ಮೊದಲ ವಾರ ನನ್ನ ತಲೆ ಸಿಡಿಯಿತು. ಆಮೇಲೆ ಅದು ನಿಂತರೆ ಎಚ್ಚರವಾಗತೊಡಗಿತು.

ನಮ್ಮಲ್ಲಿ ಕೆಂಪು ಮಣ್ಣು, ರಾಗಿ, ತೆಂಗು. ಇಲ್ಲಿ ರೋಣದ ಕಡೆ ಹೊರಟರೆ ಕಣ್ಣು ಹಾಯುವಷ್ಟೂ ಕರಿಮಣ್ಣಿನ ಎರೆಹೊಲ. ಜೋಳ, ಹತ್ತಿ, ಶೇಂಗಾ (ನಮ್ಮ ಕಡಲೆಕಾಯಿ). ಒಂದು ಮಳೆಗೆ ಆ ಮಣ್ಣು ಕಾಲಿಗೆ ಅಂಟಿ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ನೀರನ್ನು ನಮ್ಮಲ್ಲಿ ಮೊಗೆದು ಚೆಲ್ಲುತ್ತೇವೆ. ಇಲ್ಲಿ ಮುಖ ತೊಳೆದ ನೀರು ಗಿಡಕ್ಕೆ ಹೋಗುತ್ತದೆ. ಶಿಕ್ಷಕಿಯನ್ನು ಇಲ್ಲಿಯವರು 'ಅಕ್ಕೋರು' ಅನ್ನುತ್ತಾರೆ. ಹತ್ತು ವರ್ಷದ ಹುಡುಗಿಯಿಂದ ಹಿಡಿದು ಅವಳ ಅಜ್ಜಿಯ ತನಕ ಎಲ್ಲರಿಗೂ ನಾನು ಅಕ್ಕೋರು. ಆ ಮಾತಿನಲ್ಲಿ ಗೌರವವೂ ಇತ್ತು, ಬಳಗವೂ ಇತ್ತು. ಆದರೂ ಸಂಜೆ ಶಾಲೆ ಮುಗಿಸಿ ಕೋಣೆಗೆ ಬಂದರೆ ಮಾತಾಡುವುದಕ್ಕೆ ನನ್ನ ಕನ್ನಡವೇ ಇಲ್ಲವಲ್ಲ ಅನ್ನಿಸಿ ಅಳು ಬರುತ್ತಿತ್ತು.

ಆ ಅಳುವನ್ನು ನಾನು ಅನ್ನ ಮತ್ತು ಕಾಫಿಯಿಂದ ಸಮಾಧಾನ ಮಾಡಿದೆ. ಇಲ್ಲಿ ಒಳ್ಳೆಯ ಅಕ್ಕಿ ತುಟ್ಟಿ. ಕಾಫಿಪುಡಿಯನ್ನು ಗದಗದಿಂದ ತರಿಸಬೇಕಿತ್ತು. ಕಿರಾಣಿ ಅಂಗಡಿಯವರು ಹಣ ಕೇಳುತ್ತಲೇ ಇರಲಿಲ್ಲ. "ಇರಲಿ ತಗೋರಿ, ಉದ್ರಿ ಬರಕೋತೀನಿ" ಅನ್ನುವರು. ಉದ್ರಿ ಎಂದರೆ ಕಡ. ಸಂಬಳದ ದಿನ ಅಪ್ಪನಿಗೆ ಇಷ್ಟು ಕಳಿಸಿ, ಬಾಡಿಗೆ ಕೊಟ್ಟು, ಉದ್ರಿ ಮುಗಿಸುವಷ್ಟರಲ್ಲಿ ಊರಿನ ಸಾಲಕ್ಕೆ ಉಳಿಯುತ್ತಿದ್ದದ್ದು ಚೂರುಪಾರು. ಮಕ್ಕಳಿಗೆ ಬೀಜಗಣಿತ ಕಲಿಸುವವಳಿಗೆ ನೂರು ರೂಪಾಯಿಯ ಸಂಬಳ ಎತ್ತ ಹೋಯಿತೆಂದು ತಿಳಿಯುತ್ತಿರಲಿಲ್ಲ.

ಹೀಗೆ ಒಂದು ವರ್ಷ ಕಳೆಯಿತು. ಬೇಸಗೆ ರಜೆಗೆ ಚನ್ನಪಟ್ಟಣಕ್ಕೆ ಹೋದೆ. ನಮ್ಮ ಪಕ್ಕದ ಮನೆಯ ಸಾವಿತ್ರಿ ಬಾಗಿಲಲ್ಲೇ ಕಾಯುತ್ತಿದ್ದಳು. ಚೆನ್ನಾಗಿದ್ದೀಯಾ ಎಂದೂ ಕೇಳಲಿಲ್ಲ.

"ಅಕ್ಕ, ಎಷ್ಟು ತೀರ್ತು?"

"ನೂರೈವತ್ತು ಕಣೆ."

ಅವಳು ಮನಸ್ಸಿನಲ್ಲೇ ಕಳೆದು ನೋಡಿದಳು. "ಬರೋ ವರ್ಷಕ್ಕೆ ನಂದು ಎಸ್ಸೆಸ್ಸೆಲ್ಸಿ ಮುಗೀತದೆ. ಆಮೇಲೆ ನಂದೇ ಸರದಿ. ಕಾಲೇಜಿಗೆ ಸೇರಲಿಲ್ಲ ಅಂದ್ರೆ ಮದ್ದೂರಿನ ಗಂಡಿಗೆ ಮಾತು ಕೊಟ್ಟುಬಿಡ್ತೀನಿ ಅಂತವ್ರೆ ನಮ್ಮಪ್ಪ."

ಬೈಗುಳವಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಲೆಕ್ಕ ಒಪ್ಪಿಸುವವಳಂತೆ ಹೇಳಿ ಒಳಗೆ ಹೋದಳು. ನಾನು ತಿಂದ ಅನ್ನ, ಕುಡಿದ ಕಾಫಿ ಅವಳ ಪಾಲಿನದು ಎಂದು ನನಗೆ ಹೊಳೆದದ್ದು ಆಗ. ರಜೆ ಮುಗಿಯುವುದನ್ನೂ ಕಾಯದೆ ಗಾಡಿ ಹತ್ತಿದೆ.

ಬಂದವಳೇ ಗಂಗವ್ವನ ಮುಂದೆ ಎಲ್ಲವನ್ನೂ ಹೇಳಿದೆ. ಅವರು ನೂಲು ಸುತ್ತುತ್ತಲೇ ಕೇಳಿಸಿಕೊಂಡು, "ಮೊದಲ ಅಕ್ಕಿ ಬಿಡ್ರಿ ಅಕ್ಕೋರ. ರೊಟ್ಟಿ ಬಡಿಯೂದ ಕಲೀರಿ" ಅಂದರು. ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಅಂಗೈಯಲ್ಲಿ ತಟ್ಟಿ ತಿರುಗಿಸಬೇಕು. ನನ್ನ ಮೊದಲ ರೊಟ್ಟಿಗಳು ಹಂಚಿಗೆ ಹೋಗುವ ಮುಂಚೆಯೇ ಹರಿದವು. ಆಷಾಢ ಕಳೆಯುವುದರೊಳಗೆ ಒಂದು ರೊಟ್ಟಿ ಚಂಡಿನಂತೆ ಉಬ್ಬಿತು. ಗಂಗವ್ವ ಓಣಿಯವರನ್ನೆಲ್ಲ ಕರೆದು ತೋರಿಸಿದರು. ಬಿ.ಎಸ್ಸಿ. ಪಾಸಾದ ದಿನವೂ ನಾನು ಅಷ್ಟು ಬೀಗಿರಲಿಲ್ಲ. ಕಾಫಿ ಹೋಗಿ ಚಹಾ ಬಂತು, ಉದ್ರಿ ನಿಂತಿತು. ಸಂಬಳ ಬಂದ ದಿನವೇ ಸಾಲದ ಭಾಗವನ್ನು ಮೊದಲು ಅಂಚೆ ಕಚೇರಿಯ ಉಳಿತಾಯಕ್ಕೆ ಹಾಕಿ, ಉಳಿದದ್ದರಲ್ಲಿ ತಿಂಗಳು ನಡೆಸುವುದನ್ನು ರೂಢಿ ಮಾಡಿಕೊಂಡೆ.

ಇನ್ನೊಂದು ದಾರಿಯನ್ನು ತೋರಿಸಿದವರು ಶೇಂಗಾ ವ್ಯಾಪಾರಿ ಮಹಬೂಬಸಾಹೇಬರು. ರೋಣ, ನರಗುಂದದ ಪೇಟೆಗಳಲ್ಲಿ ಓಡಾಡುವ ದೊಡ್ಡ ಕುಳ. ಒಂದು ದಿನ ಶಾಲೆಯ ಬಾಗಿಲಿಗೆ ಬಂದು, "ಅಕ್ಕೋರ, ನಮ್ಮ ಹುಡುಗ್ಯಾರು ಇಬ್ಬರೂ ಸಾಲಿಗೆ ಬರೂದಿಲ್ಲ. ಸಾಲಿನ ಅವರ ಮನಿಗೆ ಬರಬೇಕಾಗೇತಿ. ನೀವು ಬರತೀರೇನ್ರಿ?" ಎಂದು ಕೇಳಿದರು. ಸಾಲಿ ಎಂದರೆ ಇಲ್ಲಿ ಶಾಲೆ.

"ಬರ್ತೀನಿ" ಅಂದೆ.

"ಎಷ್ಟ ತಗೋತೀರಿ?"

ನಾನು ನೆಲ ನೋಡಿದೆ. ವಿದ್ಯೆಗೆ ಬೆಲೆ ಹೇಳಬಾರದೆಂದು ಬೆಳೆದವಳು. "ನಿಮಗೆ ತೋಚಿದಷ್ಟು ಕೊಡಿ" ಅಂದೆ.

ಅವರು ಜೋರಾಗಿ ನಕ್ಕರು. "ಶೇಂಗಾ ಮಾರೂಮುಂದ ನಾ ಹಿಂಗ ನಾಚಿದ್ರ ನನ್ನ ಮಕ್ಕಳು ಉಪಾಸ ಬೀಳತಾವ. ಬಾಯಿಬಿಟ್ಟ ಹೇಳ್ರಿ."

"ತಿಂಗಳಿಗೆ ಹದಿನೈದು ರೂಪಾಯಿ" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಖರೇ ಮಾತು ಇದು! ನಾಳಿಂದ ಬರ್ರಿ."

ಗಂಗವ್ವನ ಓಣಿಯಲ್ಲಿ ಹೆಂಗಸರ ಭಿಶಿಯೊಂದು ನಡೆಯುತ್ತಿತ್ತು. ನಮ್ಮ ಕಡೆಯ ಚೀಟಿಯಂಥದ್ದೇ. ಹನ್ನೆರಡು ಜನ, ತಿಂಗಳಿಗೆ ತಲೆಗೆ ಹತ್ತು ರೂಪಾಯಿ; ಹೆಸರೆತ್ತಿ, ಬಂದವರಿಗೆ ನೂರ ಇಪ್ಪತ್ತೂ ಒಟ್ಟಿಗೆ. ಜುಲೈಯಲ್ಲಿ ಹೊಸದಾಗಿ ಶುರುವಾದಾಗ ನಾನೂ ಸೇರಿದೆ. ಅಂಚೆಯ ಉಳಿತಾಯ, ಮನೆಪಾಠದ ಹಣ, ಭಿಶಿ ಮೂರೂ ಕೂಡಿದರೆ ಬಾಕಿ ತೀರುತ್ತಿತ್ತು. ಹಣ ಮೇ ಕೊನೆಯೊಳಗೆ ಊರು ಮುಟ್ಟಬೇಕು. ಜೂನ್ ಎರಡನೆಯ ವಾರಕ್ಕೆ ಕಾಲೇಜಿನ ಸೇರ್ಪಡೆ ಮುಗಿಯುತ್ತದೆ.

ತಿಂಗಳ ಮೇಲೆ ತಿಂಗಳು ಹೆಸರೆತ್ತಿದರು. ನನ್ನದು ಬರಲೇ ಇಲ್ಲ. ಮೇ ತಿಂಗಳ ಸರದಿಗೆ ಡಬ್ಬಿಯಲ್ಲಿ ಉಳಿದದ್ದು ಎರಡೇ ಹೆಸರು: ನನ್ನದು, ಗಂಗವ್ವನದು. ಆ ವೇಳೆಗೆ ಸಾವಿತ್ರಿ ಮೊದಲ ದರ್ಜೆಯಲ್ಲಿ ಪಾಸಾಗಿದ್ದಳು. ಪುಟ್ಟ ಮಗುವೊಂದು ಕೈಹಾಕಿ ಮಡಿಸಿದ ಚೀಟಿಯೊಂದನ್ನು ತೆಗೆಯಿತು. ಗಂಗವ್ವ.

ಗಂಗವ್ವ ನೂಲಿನ ಸಾಹುಕಾರರಿಗೆ ಆ ಹಣ ಕೊಡುವುದಾಗಿ ಮಾತಾಡಿಕೊಂಡಿದ್ದು ಓಣಿಗೆಲ್ಲ ಗೊತ್ತಿತ್ತು. ಬಡ್ಡಿಗೆ ತಂದರೆ ಹಳೆಯ ಗುಂಡಿ ಮುಚ್ಚಲು ಹೊಸ ಗುಂಡಿ ತೋಡಿದಂತೆ. ಆದರೂ ತರಲೇಬೇಕೇನೋ ಎಂದು ಯೋಚಿಸುತ್ತಿರುವಾಗ ಗಂಗವ್ವ ಹಣದ ಗಂಟನ್ನು ನನ್ನ ಮಡಿಲಿಗೆ ಹಾಕಿದರು.

"ಬೇಡಿ ಗಂಗವ್ವ. ನೂಲಿಲ್ಲದೆ ಮಗ್ಗ ನಿಂತುಹೋಗುತ್ತೆ."

"ಸಾವಕಾರ ಒಂದ ತಿಂಗಳ ತಡಕೋತಾನ. ಬೈತಾನ, ಬೈಸಿಕೋತೀನಿ. ನಿಮ್ಮ ಕಾಲೇಜ ತಡಕೋತೈತೇನ್ರಿ?"

ಸುಮ್ಮನೆ ತೆಗೆದುಕೊಳ್ಳಲು ನನಗೆ ಮನಸ್ಸು ಒಪ್ಪಲಿಲ್ಲ. ಆ ರಜೆಯಲ್ಲಿ ಊರಿಗೆ ಹೋಗದೆ ಗಂಗವ್ವನ ಪಕ್ಕದಲ್ಲಿ ಕುಳಿತು ಕಂಡಿಕೆ ಸುತ್ತಿದೆ. ಲಾಳಿಯೊಳಗೆ ಕೂಡಿಸುವ ನೂಲಿನ ಸಣ್ಣ ಸುರುಳಿಗೆ ಕಂಡಿಕೆ ಎನ್ನುತ್ತಾರೆ. ಕೂಲಿಯವಳ ಖರ್ಚು ಉಳಿಯಿತು. ಇದ್ದ ನೂಲಿನಲ್ಲೇ ಒಂದೊಂದು ಸೀರೆ ಬೇಗ ಬೇಗ ಮಗ್ಗದಿಂದ ಇಳಿದು, ಅದನ್ನು ಮಾರಿದ ಹಣಕ್ಕೆ ಹೊಸ ನೂಲು ಬಂತು. ಮಗ್ಗ ಒಂದು ದಿನವೂ ನಿಲ್ಲಲಿಲ್ಲ. ಬೆರಳು ಕೊಯ್ದುಕೊಂಡಾಗಲೆಲ್ಲ ಗಂಗವ್ವ, "ಈ ಲೆಕ್ಕ ಪುಸ್ತಕದಾಗ ಇರೂದಿಲ್ಲ ಬಿಡ್ರಿ" ಎಂದು ನಗುತ್ತಿದ್ದರು.

ಹಣ ಕಳಿಸಿ ಮೂರು ವಾರಕ್ಕೆ ಸಾವಿತ್ರಿಯ ಕಾರ್ಡು ಬಂತು. ಒಂದೇ ಸಾಲು: "ಅಕ್ಕ, ಮೈಸೂರಿನ ಹಾಸ್ಟೆಲಿನಿಂದ ಬರೆಯುತ್ತಿದ್ದೇನೆ." ನಾನು ಅದನ್ನು ಓಣಿಯ ಮಧ್ಯದಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಭಿಶಿಯ ಹೆಂಗಸರು ಅವಳನ್ನು ಕಂಡವರೇ ಅಲ್ಲ. ಆದರೂ ತಮ್ಮ ಮನೆಯ ಮಗಳು ಕಾಲೇಜು ಸೇರಿದಷ್ಟು ಹಿಗ್ಗಿದರು. ಮಹಬೂಬಸಾಹೇಬರ ಮನೆಯಿಂದ ಬೆಲ್ಲ, ಶೇಂಗಾ ಬಂತು. ಆ ಮಳೆಗಾಲದಲ್ಲೇ ಅವರ ಹುಡುಗಿಯರಿಬ್ಬರೂ ಬುರ್ಖಾ ತೊಟ್ಟು ನನ್ನ ಜೊತೆ ಶಾಲೆಯ ಮೆಟ್ಟಿಲು ಹತ್ತಿದರು. ಸಾಹೇಬರೇ ಬಂದು ಹೆಸರು ಹಚ್ಚಿಸಿದರು.

ಜೂನ್ ತಿಂಗಳ ಕೊನೆಯ ಭಿಶಿ ನನ್ನದಾಯಿತು; ಅದನ್ನು ಹಾಗೇ ಗಂಗವ್ವನ ಕೈಗಿಟ್ಟೆ. ಜುಲೈಯ ಸಂಬಳ ಯಾರ ಹಂಗೂ ಇಲ್ಲದ ನನ್ನ ಮೊದಲ ಸಂಬಳ. ಗಂಗವ್ವನ ಮಗ್ಗದಿಂದ ಇಳಿದ ಹಸಿರು ಸೀರೆಯೊಂದನ್ನು ಪೂರ್ತಿ ಬೆಲೆ ಕೊಟ್ಟು ಕೊಂಡೆ. ಕಡಿಮೆ ಮಾಡಲು ಬಂದರು, ನಾನು ಬಿಡಲಿಲ್ಲ. ಅದನ್ನುಟ್ಟು ಗುಡ್ಡದ ಕೋಟೆ ಹತ್ತಿ, ಮೇಲಿನಿಂದ ಊರು ನೋಡುತ್ತ ನಿಂತೆ. ಗಾಳಿ ಹೊಡೆಯುತ್ತಿತ್ತು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಏನನ್ನೂ ಕೂಡಿಸದೆ, ಕಳೆಯದೆ ಒಂದು ಸಂಜೆ ಕಳೆದೆ.

ಈಗ ಊರಿನ ಹಿರಿಯರು ಬರೆದಿದ್ದಾರೆ: ಚನ್ನಪಟ್ಟಣದಲ್ಲೇ ಒಂದು ಕೆಲಸ ಖಾಲಿಯಿದೆ, ಬಂದುಬಿಡು ಎಂದು. ಇನ್ನೂ ಉತ್ತರ ಬರೆದಿಲ್ಲ. ಅಮ್ಮನ ಸೊಪ್ಪಿನ ಸಾರು, ಮುದ್ದೆ ನೆನೆದರೆ ಬಾಯಲ್ಲಿ ನೀರೂರುತ್ತದೆ. ಆದರೆ ದಸರೆಗೆ ಊರಿಗೆ ಹೋದಾಗ ಮೂರನೆಯ ದಿನಕ್ಕೇ ಏನೋ ಸಪ್ಪೆ ಎನಿಸಿತು; ಮಗ್ಗದ ಸದ್ದಿಲ್ಲದೆ ನಿದ್ದೆ ಹತ್ತಲಿಲ್ಲ. ನಾನು "ಹೌದ್ರಿ" ಅಂದರೆ ಅಮ್ಮ ನೆಂಟರೆದುರು ನಕ್ಕು, "ಇವಳು ಆ ಕಡೆಯವಳಾಗಿಬಿಟ್ಟಳು" ಅನ್ನುತ್ತಾಳೆ. ಇಲ್ಲಿ ನಾನು ಇಂದಿಗೂ 'ಮೈಸೂರ ಅಕ್ಕೋರು'.

ದಸರೆ ಮುಗಿಸಿ ಹೊರಟ ಗಾಡಿ ಬೆಳಗಿನ ಹೊತ್ತಿಗೆ ಹರಿಹರದ ಸೇತುವೆಯ ಮೇಲೆ ಬಂತು. ಕೆಳಗೆ ತುಂಗಭದ್ರೆ ತುಂಬಿ ಹರಿಯುತ್ತಿದ್ದಳು. ಹಿಂದೆ ಎರಡು ರಾಜ್ಯಗಳ ಗಡಿ ಇದ್ದದ್ದು ಇದೇ ನೀರಿನಲ್ಲಿ. ಎದುರಿಗೆ ಕುಳಿತಿದ್ದ ಮುದುಕಿ ಬುತ್ತಿಯ ಗಂಟು ಬಿಚ್ಚಿ, ನನಗೂ ಒಂದು ರೊಟ್ಟಿ ಚಾಚುತ್ತ, "ಊರಿಗೆ ಹೊಂಟೀಯೇನ ಯವ್ವಾ?" ಎಂದು ಕೇಳಿದಳು.

"ಹೌದ್ರಿ, ಊರಿಗೆ" ಅಂದೆ.

ಗಾಡಿ ಉತ್ತರಕ್ಕೆ ಹೋಗುತ್ತಿತ್ತು.